ಟಬ್ಬಿನ ವಾಟರ್‌ಕ್ರೆಸ್ ಯಾಕೆ ಕೊಳೀತು? ವಿಜಯಪುರದ ಮಾಳಿಗೆ ಮೇಲೆ ದೋಷ ಹುಡುಕಿದ ಬಗೆ

ಕಳೆದ ಮಾರ್ಚಿನಲ್ಲಿ ನನ್ನ ಟಬ್ಬಿನ ವಾಟರ್‌ಕ್ರೆಸ್ ಸೊಪ್ಪು ಮೂರೇ ದಿನದಲ್ಲಿ ಕೊಳೆತು ಹೋಯಿತು. ಶುಕ್ರವಾರ ಬೆಳಿಗ್ಗೆ ಕೆಳಗಿನ ನಾಲ್ಕೈದು ಎಲೆ ಹಳದಿ ಆಗಿದ್ದವು. ಗೊಬ್ಬರ ಸಾಲದೇನೋ ಅಂತ ಎರೆಗೊಬ್ಬರ ನೆನೆಸಿದ ನೀರು ಹಾಕಿದೆ. ಶನಿವಾರ ಕಾಂಡ ಮೆತ್ತಗಾಯಿತು. ಭಾನುವಾರ ಹತ್ತಿರ ಹೋದರೆ ಗಟಾರದ ವಾಸನೆ. ಒಂದು ಕಾಂಡ ಹಿಡಿದು ಎತ್ತಿದೆ. ಮೇಲಿನ ತುಂಡು ಕೈಗೆ ಬಂತು, ಕೆಳಗಿನದು ನೀರಲ್ಲೇ ಉಳಿಯಿತು. ಬೇರು ನೋಡಿದರೆ ಕಂದು ಬಣ್ಣ, ಮುಟ್ಟಿದರೆ ಲೋಳೆ.

ಅದೇ ವಾರ ಬೆಳಗಾವಿಯ ಟಿಳಕವಾಡಿಯಿಂದ ಅಕ್ಕ ಫೋಟೋ ಕಳಿಸಿದಳು. ಅವಳ ಟಬ್ ತುಂಬಿ ಹೊರಗೆ ಚೆಲ್ಲುತ್ತಿತ್ತು. ಹೊಟ್ಟೆ ಉರಿಯಿತು. ಯಾಕೆಂದರೆ ಇಬ್ಬರದೂ ಒಂದೇ ಕಟ್ಟಿನ ಕಡ್ಡಿಗಳು. ಅವಳು ಪುಣೆಯಿಂದ ತಂದ ಒಂದು ಕಟ್ಟು ಸೊಪ್ಪನ್ನೇ ಅರ್ಧ ಅರ್ಧ ಮಾಡಿಕೊಂಡು ನೆಟ್ಟಿದ್ದೆವು. ಟಬ್ಬೂ ಒಂದೇ ಅಳತೆಯದು. ಹಾಗಾದರೆ ವ್ಯತ್ಯಾಸ ಎಲ್ಲಿ? ಅಲ್ಲಿಂದ ಶುರುವಾದ ಹುಡುಕಾಟ ಇದು.

ಗೊತ್ತಿಲ್ಲದವರಿಗೆ ಒಂದು ಮಾತು. ವಾಟರ್‌ಕ್ರೆಸ್ ಸಾಸಿವೆ, ಮೂಲಂಗಿಯ ಬಳಗದ ಸೊಪ್ಪು. ಹರಿಯುವ ತಂಪು ನೀರಿನಲ್ಲಿ ಬೆಳೆಯುವಂಥದ್ದು. ರುಚಿ ಎಳೆ ಮೂಲಂಗಿ ತಪ್ಪಲಿನಂತೆ ಶುರುವಾಗಿ ಕೊನೆಗೆ ಸಾಸಿವೆಯಂತೆ ಮೂಗಿಗೆ ಏರುತ್ತದೆ. ಜೋಳದ ರೊಟ್ಟಿ ಜೊತೆ ಹಕ್ಕರಕಿ, ಮೆಂತೆ ತಪ್ಪಲು ಹಸಿಯಾಗಿ ತಿನ್ನುವ ನಮ್ಮ ಕಡೆಯವರಿಗೆ ಇದು ಹೊಸದು ಅನ್ನಿಸುವುದೇ ಇಲ್ಲ. ಗಟ್ಟಿ ಮೊಸರು, ಶೇಂಗಾ ಹಿಂಡಿ, ಒಂದು ಹಿಡಿ ಹಸಿ ಸೊಪ್ಪು ಇದ್ದರೆ ಸಾಕು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಪತ್ರಿಕೆಯಲ್ಲಿ 2014ರಲ್ಲಿ ಬಂದ, ಪೋಷಕಾಂಶ ಅಳೆದ ಒಂದು ಪಟ್ಟಿಯಲ್ಲಿ 41 ಹಣ್ಣು ತರಕಾರಿಗಳ ಪೈಕಿ ಇದಕ್ಕೆ 100ಕ್ಕೆ 100 ಅಂಕ ಸಿಕ್ಕಿತ್ತು. ಆಮೇಲೆ ಇದರ ಬೀಜ ಮಾರುವವರು ಜಾಸ್ತಿಯಾದರು. ಮೊದಲ ತೊಂದರೆ ಶುರುವಾಗುವುದೂ ಅಲ್ಲೇ.

ಅದು ವಾಟರ್‌ಕ್ರೆಸ್ಸೇ ಹೌದಾ?

ನಗಬೇಡಿ. ಕಡ್ಡಿ ಸಿಗುವ ಮುಂಚೆ ನಾನು ಆನ್‌ಲೈನ್‌ನಲ್ಲಿ ಬೀಜ ತರಿಸಿದ್ದೆ. ಮೂರನೇ ದಿನಕ್ಕೇ ದಟ್ಟವಾಗಿ ಮೊಳಕೆ ಬಂತು. ಖುಷಿಯಾಗಿ ಅವ್ವನಿಗೆ ತೋರಿಸಿದೆ. ಅವಳು ಒಂದು ಎಳೆ ಕಿತ್ತು ಬಾಯಿಗೆ ಹಾಕಿಕೊಂಡು, "ಇದು ಅಳವಿ ಅಲ್ಲೇನು? ಬಾಣಂತಿಗೆ ಉಂಡಿ ಕಟ್ತೀವಲ್ಲ, ಅದ" ಅಂದಳು. ಹೌದು, ಅಳವಿಯೇ. ಕಿರಾಣಿ ಅಂಗಡಿಯಲ್ಲಿ ಸಿಗುವ ಬೀಜಕ್ಕೆ ಅಷ್ಟು ದುಡ್ಡು ಕೊಟ್ಟಿದ್ದೆ.

ಅಳವಿಯೂ ಅದೇ ಬಳಗದ್ದು, ಇಂಗ್ಲಿಷಿನಲ್ಲಿ ಗಾರ್ಡನ್ ಕ್ರೆಸ್ ಅನ್ನುತ್ತಾರೆ. ಹಾಗಾಗಿ ಹೆಸರು ಕಲಸುಮೇಲೋಗರ ಆಗುತ್ತದೆ. ಆದರೆ ಅದು ನೆಲದ ಗಿಡ. ನೀರಲ್ಲಿ ನಿಲ್ಲಿಸಿದರೆ ಕೊಳೆಯುತ್ತದೆ. ಗುರುತು ಹಿಡಿಯುವುದು ಸುಲಭ. ಅಳವಿ ಬೀಜ ಕೆಂಪು ಕಂದು, ಉದ್ದುದ್ದ, ನೀರಿಗೆ ಹಾಕಿದ ಹದಿನೈದು ನಿಮಿಷಕ್ಕೆ ಸುತ್ತ ಲೋಳೆ ಕಟ್ಟುತ್ತದೆ. ಮೊದಲು ಬರುವ ಎಲೆಯೇ ಮೂರು ಸೀಳಾಗಿರುತ್ತದೆ. ವಾಟರ್‌ಕ್ರೆಸ್ ಬೀಜ ಸಾಸಿವೆಗಿಂತ ಎಷ್ಟೋ ಸಣ್ಣದು, ಉಸಿರು ಬಿಟ್ಟರೆ ಹಾರಿಹೋಗುವಷ್ಟು. ಮೊಳೆಯಲು ಒಂದರಿಂದ ಎರಡು ವಾರ ಬೇಕು.

ಇನ್ನೊಂದು ಗೊಂದಲ ನಸ್ಟರ್ಷಿಯಂ. ವಾಟರ್‌ಕ್ರೆಸ್‌ನ ಸಸ್ಯಶಾಸ್ತ್ರದ ಹೆಸರು ನಸ್ಟರ್ಷಿಯಂ ಅಫಿಸಿನಾಲೆ. ಆದರೆ ನರ್ಸರಿಯಲ್ಲಿ ಆ ಹೆಸರು ಹೇಳಿದರೆ ಕಿತ್ತಳೆ ಬಣ್ಣದ ಹೂವಿನ ಬಳ್ಳಿಯ ಬೀಜ ಕೊಡುತ್ತಾರೆ. ಅದು ಬಟಾಣಿಯಷ್ಟು ದಪ್ಪ, ಸುಕ್ಕು ಸುಕ್ಕು. ಬೇರೆಯೇ ಗಿಡ.

ಬೀಜ ಸರಿಯಿದ್ದೂ ಮೊಳೆಯದಿದ್ದರೆ ಕಾರಣ ಸಾಮಾನ್ಯವಾಗಿ ಎರಡೇ. ಒಂದು, ಮಣ್ಣಿನಡಿ ಹುಗಿದಿದ್ದೀರಿ. ಒದ್ದೆ ಮಣ್ಣಿನ ಮೇಲೆ ಸುಮ್ನೆ ಉದುರಿಸಿ ಬಿಡಬೇಕು, ಬೆಳಕು ತಾಗಬೇಕು. ಎರಡು, ಸೆಕೆ ಜಾಸ್ತಿಯಾಯಿತು. ಮೇ ತಿಂಗಳಲ್ಲಿ ಬಿತ್ತಿ ಬೀಜ ಮಾರಿದವನಿಗೆ ಬೈದರೆ ಪ್ರಯೋಜನವಿಲ್ಲ. ನಮ್ಮಲ್ಲಿ ದಸರಾ ಕಳೆದ ಮೇಲೆ ಬಿತ್ತಿ. ಬೀಜಕ್ಕಿಂತ ಕಡ್ಡಿಯೇ ಸುಲಭ. ನಾಲ್ಕು ಬೆರಳುದ್ದದ ಕಡ್ಡಿ ನೀರಲ್ಲಿಟ್ಟರೆ ಚಳಿಗಾಲದಲ್ಲಿ ವಾರದೊಳಗೆ ಗೆಣ್ಣಿನಲ್ಲಿ ಬಿಳಿ ಬೇರು ಒಡೆಯುತ್ತದೆ.

ಮೊದಲು ಬೇರು ಎತ್ತಿ ನೋಡಿ

ಎಲೆ ಹಳದಿಯಾದರೆ ನಮ್ಮ ಕೈ ಮೊದಲು ಗೊಬ್ಬರದ ಡಬ್ಬಿಗೆ ಹೋಗುತ್ತದೆ. ನಾನು ಮಾಡಿದ ತಪ್ಪೂ ಅದೇ. ಎಲೆ ಹಳದಿಯಾಗಲು ಹತ್ತು ಕಾರಣ ಇರುತ್ತವೆ. ಬೇರು ಅಷ್ಟು ಸುತ್ತಿ ಬಳಸಿ ಮಾತಾಡುವುದಿಲ್ಲ. ಒಂದು ಗಿಡ ಮೆಲ್ಲಗೆ ಎತ್ತಿ. ಬೇರು ಬಿಳಿಯಾಗಿ, ದಾರದಂತೆ ಗಟ್ಟಿಯಾಗಿದ್ದರೆ ಬೇರಿಗೆ ಉಸಿರು ಸಿಗುತ್ತಿದೆ, ದೋಷ ಬೇರೆ ಕಡೆ ಇದೆ. ಕಂದಾಗಿ, ಬೆರಳಲ್ಲಿ ಎಳೆದರೆ ಸಿಪ್ಪೆ ಜಾರಿ ಒಳಗಿನ ಎಳೆ ಮಾತ್ರ ಉಳಿದರೆ ಅದು ಉಸಿರುಗಟ್ಟಿ ಸತ್ತ ಬೇರು. ಆಗ ಗೊಬ್ಬರ ಹಾಕಿದರೆ ಕೊಳೆಯುವ ನೀರಿಗೆ ಇನ್ನಷ್ಟು ಊಟ ಬಡಿಸಿದಂತೆ.

ನನ್ನದು ಉಸಿರುಗಟ್ಟಿದ್ದೇ. ಅಡುಗೆಮನೆಯ ಡಿಜಿಟಲ್ ಥರ್ಮಾಮೀಟರ್ ತಂದು ಮಧ್ಯಾಹ್ನ ಮೂರಕ್ಕೆ ಟಬ್ಬಿನಲ್ಲಿ ಅದ್ದಿದೆ. 36 ಡಿಗ್ರಿ! ಅಕ್ಕನಿಗೆ ಫೋನ್ ಮಾಡಿ ಅಳೆಯಲು ಹೇಳಿದೆ. ಅವಳ ಟಬ್ ಹಿತ್ತಲಲ್ಲಿ, ಪೇರಲ ಗಿಡದ ನೆರಳಲ್ಲಿ ಇತ್ತು. ಅಲ್ಲಿ 24. ನನ್ನ ಟಬ್ ಕಪ್ಪು ಪ್ಲಾಸ್ಟಿಕ್ಕು, ಮಾಳಿಗೆಯ ಕಾಂಕ್ರೀಟಿನ ಮೇಲೆ, ಬಿಸಿಲಿಗೆ ಎದುರಾಗಿ. ಇನ್ನೇನು ಬೇಕು?

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ 35 ಡಿಗ್ರಿಯದು 7ರ ಹತ್ತಿರ ಮಾತ್ರ. ಅದೂ ಕಲಕಾಡುವ ನೀರಿನಲ್ಲಿ. ನಿಂತ ನೀರಿನಲ್ಲಿ ಇನ್ನೂ ಕಡಿಮೆ. ಅದೇ ಹೊತ್ತಿಗೆ ಬಿಸಿಗೆ ಬೇರು ಜಾಸ್ತಿ ಉಸಿರಾಡುತ್ತದೆ, ನೀರೊಳಗಿನ ಬ್ಯಾಕ್ಟೀರಿಯಾಗಳೂ ಜಾಸ್ತಿ ಉಸಿರಾಡುತ್ತವೆ. ಇರುವುದು ಕಡಿಮೆ, ತಿನ್ನುವವರು ಹೆಚ್ಚು. ನಾನು ಶುಕ್ರವಾರ ಹಾಕಿದ ಗೊಬ್ಬರದ ನೀರು ಆ ಬ್ಯಾಕ್ಟೀರಿಯಾಗಳಿಗೆ ಹಬ್ಬವಾಯಿತು.

ಇಂಗ್ಲೆಂಡಿನಲ್ಲಿ ಇದನ್ನು ವ್ಯಾಪಾರಕ್ಕೆ ಬೆಳೆಯುವ ಮಡಿಗಳಿಗೆ ನೆಲದಿಂದ ಚಿಮ್ಮುವ ಊಟೆಯ ನೀರು ಹರಿಯುತ್ತದೆ, ವರ್ಷವಿಡೀ 10-11 ಡಿಗ್ರಿಯ ಆಸುಪಾಸು. ನಮ್ಮ ಏಪ್ರಿಲ್ ಬಿಸಿಲು 40 ದಾಟುತ್ತದೆ. ಹಾಗಂತ ಬೆಳೆಯಲೇಬಾರದು ಅಂತಲ್ಲ. ಮಧ್ಯಾಹ್ನದ ನೀರು 25ರ ಒಳಗಿದ್ದರೆ ಗಿಡ ನಗುತ್ತದೆ. 28ರವರೆಗೆ ಹೇಗೋ ತಡೆಯುತ್ತದೆ, ಕಾಂಡ ಮಾತ್ರ ಬಡಕಲಾಗಿ ಉದ್ದ ಎಳೆಯುತ್ತದೆ. 30 ದಾಟಿದರೆ ದಿನ ಎಣಿಸಬೇಕು. ಇದು ನನ್ನ ಟಬ್ಬಿನ ಲೆಕ್ಕ, ನಿಮ್ಮಲ್ಲಿ ಒಂದೆರಡು ಡಿಗ್ರಿ ಆಚೀಚೆ ಆಗಬಹುದು.

ತಂಪು ಮಾಡಲು ನನಗೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸಕ್ಕೆ ಬಂದಿದ್ದು ಮಣ್ಣಿನ ಪಾತ್ರೆ. ಬಣ್ಣ ಬಳಿಯದ, ಅಗಲ ಬಾಯಿಯ ಪಾತ್ರೆ ಇರಬೇಕು. ಕುಂಬಾರರ ಹತ್ತಿರ ಕೇಳಿ. ಕುಡಿಯುವ ನೀರಿನ ಹರವಿ ತಂಪಾಗುವ ಹಾಗೆಯೇ ಇದೂ ಬೆವರಿ ತಂಪಾಗುತ್ತದೆ. ನಮ್ಮ ಒಣ ಸೆಕೆಯಲ್ಲಿ ಈ ಉಪಾಯ ನಡೆಯುತ್ತದೆ, ಮಂಗಳೂರಿನ ಕಡೆಯ ಬೆವರು ಸೆಕೆಯಲ್ಲಿ ಇಷ್ಟು ನಡೆಯಲಿಕ್ಕಿಲ್ಲ. ಪಾತ್ರೆಯ ಸುತ್ತ ಒದ್ದೆ ಗೋಣಿತಟ್ಟು ಸುತ್ತಿ, ಕೆಳಗೆ ಎರಡು ಇಟ್ಟಿಗೆ ಇಟ್ಟು ಕಾಂಕ್ರೀಟಿನಿಂದ ಎತ್ತರಿಸಿ. ಬೆಳಗಿನ ಬಿಸಿಲು ಎರಡು ಮೂರು ತಾಸು ಸಾಕು, ಹತ್ತರ ನಂತರ ನೆರಳು ಬೇಕು. ನನ್ನ ಮಣ್ಣಿನ ಪಾತ್ರೆಯ ನೀರು ಆ ಏಪ್ರಿಲಿನಲ್ಲೂ 27 ದಾಟಲಿಲ್ಲ.

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ನೀರು ಬದಲಿಸುತ್ತಿದ್ದೆ, ಆದರೆ ಮಧ್ಯಾಹ್ನ ಬದಲಿಸುತ್ತಿದ್ದೆ. ಮೇಲಿನ ಕಪ್ಪು ಟ್ಯಾಂಕಿನ ನೀರು ಆ ಹೊತ್ತಿಗೆ ಸ್ನಾನಕ್ಕೆ ಕಾಯಿಸಿದಂತೆ ಇರುತ್ತದೆ. ನಮ್ಮದೇ ಊರಿನಲ್ಲಿ ಆದಿಲ್‌ಶಾಹಿಗಳ ಕಾಲಕ್ಕೆ ನೀರು ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ಹರಿದು ಬರುತ್ತಿತ್ತು. ನಾವು ಅದನ್ನು ಮಾಳಿಗೆ ಮೇಲೆ ಏರಿಸಿ ಬೇಯಿಸುತ್ತೇವೆ. ಈಗ ಬೆಳಿಗ್ಗೆ ಆರಕ್ಕೆ ಬದಲಿಸುತ್ತೇನೆ. ಹಳೇ ನೀರು ಕರಿಬೇವಿಗೆ. ಹೊಸ ನೀರನ್ನು ತಂಬಿಗೆಯಿಂದ ಒಂದು ಮೊಳ ಎತ್ತರದಿಂದ ಸುರಿಯುತ್ತೇನೆ. ಹಾಗೆ ಬೀಳುವಾಗ ಗಾಳಿ ಸೇರಿಕೊಳ್ಳುತ್ತದೆ. ಅಕ್ವೇರಿಯಂ ಪಂಪ್ ಇಟ್ಟರೆ ಇನ್ನೂ ಒಳ್ಳೆಯದು, ಕರೆಂಟು ಇದ್ದರೆ.

ಹರಿಯುವ ನೀರೇ ಬೇಕು ಅಂತೇನೂ ಇಲ್ಲ. ಕುಂಡದಲ್ಲಿ ಮಣ್ಣು ತುಂಬಿ, ಅಡಿ ತಟ್ಟೆಯಲ್ಲಿ ಯಾವಾಗಲೂ ಎರಡು ಬೆರಳು ನೀರು ನಿಲ್ಲಿಸಿದರೂ ಬೆಳೆಯುತ್ತದೆ. ಆದರೆ ನಮ್ಮ ಕಪ್ಪು ಎರೆಮಣ್ಣು ಬೇಡ. ಒದ್ದೆಯಾದರೆ ಉಬ್ಬಿ ಹಿಟ್ಟಿನ ಮುದ್ದೆಯಂತೆ ಆಗುತ್ತದೆ, ಬೇರಿಗೆ ಗಾಳಿ ಆಡುವುದಿಲ್ಲ. ಮಸಾರಿ ಮಣ್ಣಿಗೆ ಅರ್ಧದಷ್ಟು ಚೆನ್ನಾಗಿ ಕಳಿತ ಎರೆಗೊಬ್ಬರ, ಒಂದಿಷ್ಟು ಉಸುಕು ಸೇರಿಸಿ.

ಬೋರಿನ ನೀರಿನ ಮೇಲೆ ಸುಮ್ನೆ ಅಪವಾದ

"ನಮ್ಮ ಬೋರಿನ ನೀರು ಗಡಸು, ಅದಕ್ಕೇ ಬರಲಿಲ್ಲ" ಅನ್ನುವ ಮಾತು ಬಹಳ ಕೇಳಿದ್ದೇನೆ. ಗಡಸು ನೀರಿಗೆ ವಾಟರ್‌ಕ್ರೆಸ್ ಹೆದರುವುದಿಲ್ಲ. ಅದರ ತವರೇ ಸುಣ್ಣದ ನೀರು. ವಿಲಿಯಂ ಬ್ರ್ಯಾಡ್ಬರಿ ಅನ್ನುವವನು 1808ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ಇದನ್ನು ಮೊದಲು ವ್ಯಾಪಾರಕ್ಕೆ ಬೆಳೆದ. ಆಮೇಲೆ ಹ್ಯಾಂಪ್‌ಶೈರಿನ ಆಲ್ರೆಸ್‌ಫರ್ಡ್ ಇದಕ್ಕೆ ಹೆಸರಾಯಿತು. ಅಲ್ಲೆಲ್ಲ ಹರಿಯುವುದು ಸೀಮೆಸುಣ್ಣದ ಬಂಡೆಯಿಂದ ಸೋಸಿ ಬರುವ ಗಡಸು ನೀರೇ. ಗಿಡಕ್ಕೆ ಕ್ಯಾಲ್ಸಿಯಂ ಬೇಕು.

ಬೇಡದ್ದು ಉಪ್ಪು. ನಮ್ಮ ಕಡೆ ಸವಳು ನೀರು ಅನ್ನುತ್ತೇವಲ್ಲ, ಅದು. ಗಡಸು ಬೇರೆ, ಸವಳು ಬೇರೆ. ಎರಡೂ ಟಬ್ಬಿನ ಅಂಚಿಗೆ ಬಿಳಿ ಪೊರೆ ಕಟ್ಟುವುದರಿಂದ ಜನ ಒಂದೇ ಅಂದುಕೊಳ್ಳುತ್ತಾರೆ. ಆ ಪೊರೆಯ ಮೇಲೆ ಎರಡು ಹನಿ ಲಿಂಬೆರಸ ಬಿಡಿ. ಸಣ್ಣಗೆ ನೊರೆ ಬಂದರೆ ಸುಣ್ಣ, ಚಿಂತೆ ಬೇಡ. ನೊರೆ ಬರಲಿಲ್ಲ, ಪೊರೆ ನೀರಿಗೇ ಕರಗುತ್ತದೆ, ಎಲೆಯ ಅಂಚು ಸುಟ್ಟಂತೆ ಕಂದಾಗಿದೆ ಅಂದರೆ ಉಪ್ಪಿನ ಮೇಲೆ ಅನುಮಾನ ಪಡಿ.

ಬಾಗಲಕೋಟೆ ನವನಗರದಲ್ಲಿ ನಮ್ಮ ವೈನಿಯ (ಅತ್ತಿಗೆಯ) ಮನೆಯಲ್ಲಿ ಆಗಿದ್ದು ಇದೇ. ಡಿಸೆಂಬರ್ ತಿಂಗಳು, ತಂಪು ಹವೆ, ನೆರಳು, ಎಲ್ಲ ಸರಿ. ಬೇರೂ ಬಿಳಿಯೇ. ಆದರೆ ಎಲೆಯಂಚು ಸುಟ್ಟು, ಗಿಡ ಬೆಳೆಯದೆ ಕುಳ್ಳಗೆ ಕೂತಿತ್ತು. ಅರ್ಧ ತಾಸು ತಲೆ ಕೆರೆದುಕೊಂಡೆ. ಆಮೇಲೆ ಕೇಳಿದೆ, "ವೈನಿ, ಯಾವ ನೀರು ಹಾಕ್ತೀರಿ?"

"ಕುಡಿಯೋ ನೀರಿನ ಮಷಿನ್ ಅದಲ್ಲ, ಅದರ ಪೈಪಿನಿಂದ ಹೊರಗ ಬರೋ ನೀರು. ಸುಮ್ನ ಚೆಲ್ಲೂದಕ್ಕಿಂತ ಗಿಡಕ್ಕರ ಆಗ್ಲಿ ಅಂತ ಹಾಕ್ತೀನಿ" ಅಂದರು.

ಆರ್‌ಓ ಯಂತ್ರ ಶುದ್ಧ ನೀರನ್ನು ಒಂದು ಕಡೆ ಕೊಟ್ಟು, ಉಪ್ಪನ್ನೆಲ್ಲ ಇನ್ನೊಂದು ಕಡೆ ಹೊರಹಾಕುತ್ತದೆ. ಅವರು ಗಿಡಕ್ಕೆ ಕೊಡುತ್ತಿದ್ದದ್ದು ಆ ಉಪ್ಪಿನ ಪಾಲು. ನೆಲ ಒರೆಸಲು, ಬಚ್ಚಲು ತೊಳೆಯಲು ಅದು ನಡೆಯುತ್ತದೆ. ಟಬ್ಬಿನಲ್ಲಿ ನೀರು ಆವಿಯಾಗಿ ಹೋದಷ್ಟೂ ಉಪ್ಪು ಅಲ್ಲೇ ಉಳಿದು ಗಟ್ಟಿಯಾಗುತ್ತದೆ. ನಳದ ನೀರಿಗೆ ಬದಲಿಸಿದ ಮೇಲೆ ಬಂದ ಹೊಸ ಎಲೆಗಳಲ್ಲಿ ಸುಟ್ಟ ಅಂಚು ಇರಲಿಲ್ಲ. ಸುಟ್ಟ ಎಲೆಗಳು ಮಾತ್ರ ಹಾಗೇ ಉಳಿದವು, ಅವು ಮತ್ತೆ ಹಸಿರಾಗುವುದಿಲ್ಲ.

ಕೂದಲು ಉದುರುತ್ತದೆ ಅಂತ ಮನೆಗೆ ನೀರಿನ ಗಡಸು ತೆಗೆಯುವ ಸಾಫ್ಟನರ್ ಹಾಕಿಸಿಕೊಂಡವರೂ ಇದನ್ನು ಓದಿಕೊಳ್ಳಿ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ತುಂಬುತ್ತದೆ. ಸೋಪಿಗೆ ನೊರೆ ಚೆನ್ನಾಗಿ ಬರುತ್ತದೆ, ಗಿಡಕ್ಕೆ ಮಾತ್ರ ಉಲ್ಟಾ. ಸಾಫ್ಟನರ್ ಮುಂಚಿನ ನಳದಿಂದ ನೀರು ಹಿಡಿಯಿರಿ.

ಅನುಮಾನ ಉಳಿದರೆ ಗ್ಲಾಸ್ ಪರೀಕ್ಷೆ ಮಾಡಿ. ಮೂರು ಗಾಜಿನ ಲೋಟ, ಒಂದರಲ್ಲಿ ನಳದ ನೀರು, ಒಂದರಲ್ಲಿ ಬೋರಿನದು, ಇನ್ನೊಂದರಲ್ಲಿ ಅನುಮಾನದ್ದು. ಒಂದೇ ಗಿಡದ ಒಂದೇ ಉದ್ದದ ಕಡ್ಡಿ ಮೂರು ಮೂರು. ಒಂದೇ ಕಿಟಕಿಯಲ್ಲಿ ಇಡಿ. ನೀರು ಎರಡು ದಿನಕ್ಕೊಮ್ಮೆ ಬದಲಿಸಿ. ವಾರದ ಕೊನೆಗೆ ಬೇರಿನ ಉದ್ದ ನೋಡಿದರೆ ಯಾರನ್ನೂ ಕೇಳಬೇಕಾಗಿಲ್ಲ.

ಬೇರು ಬಿಳಿ, ನೀರು ತಂಪು, ಆದರೂ ಹಳದಿ

ಈಗ ಎಲೆ ನೋಡಬಹುದು. ಯಾವ ಎಲೆ ಅನ್ನುವುದು ಮುಖ್ಯ. ಕೆಳಗಿನ ಹಳೇ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಸಾಲದು. ಬರೀ ನೀರಲ್ಲಿ ಬೆಳೆಸಿದರೆ ಒಂದು ತಿಂಗಳಿಗೆ ಇದು ಬಂದೇ ಬರುತ್ತದೆ. ಮಣ್ಣಿಲ್ಲದೆ ನೀರಲ್ಲೇ ಬೆಳೆಸುವ ಗಿಡಗಳಿಗೆಂದು ಮಾರುವ ಹೈಡ್ರೋಪೋನಿಕ್ ಗೊಬ್ಬರವನ್ನು ಡಬ್ಬಿ ಮೇಲೆ ಬರೆದ ಪ್ರಮಾಣದ ಅರ್ಧ ಹಾಕಿ. ಜೀವಾಮೃತ, ಹಸಿ ಸಗಣಿ ನೀರು ಬೇಡವೇ ಬೇಡ. ಹೊಲಕ್ಕೆ ಒಳ್ಳೆಯದಿರಬಹುದು, ಇದು ಹಸಿಯಾಗಿ ತಿನ್ನುವ ಸೊಪ್ಪು, ಅದೂ ಅದೇ ನೀರಲ್ಲಿ ಮುಳುಗಿ ನಿಂತಿರುವಂಥದ್ದು.

ತುದಿಯ ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ನೀರಿನ ಪಿಎಚ್ ಏರಿದಾಗ, ಅಂದರೆ ನೀರು ಕ್ಷಾರವಾದಾಗ, ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಗಡಸು ನೀರಿನಿಂದ ಏನಾದರೂ ತಕರಾರು ಬಂದರೆ ಇದೊಂದೇ. ಇದಕ್ಕೆ ಔಷಧ ನಮ್ಮ ಜಿಲ್ಲೆಯಲ್ಲಿ ಸುಲಭ. ದ್ರಾಕ್ಷಿ ಬೆಳೆಗಾರರಿಗೆ ಗೊಬ್ಬರ ಮಾರುವ ಅಂಗಡಿಯಲ್ಲಿ ಚೀಲೇಟೆಡ್ ಐರನ್ (ಬೇರಿಗೆ ಸಿಗುವಂತೆ ಮಾಡಿದ ಕಬ್ಬಿಣ) ಕೇಳಿ. ಇಡಿಟಿಎ ಅಂತ ಬರೆದದ್ದು ಗಡಸು ನೀರಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಇಡಿಡಿಎಚ್‌ಎ ಅಂತ ಇರುವುದನ್ನು ತೆಗೆದುಕೊಳ್ಳಿ. 10 ಲೀಟರಿಗೆ ಕಾಲು ಗ್ರಾಂ ಸಾಕು. ನೀರು ಕೆಂಪಗಾಗುತ್ತದೆ, ಗಾಬರಿಯಾಗಬೇಡಿ. ನಮ್ಮವ್ವ ಯಾರೋ ಕುಂಕುಮ ಹಾಕಿದ್ದಾರೆ ಅಂದುಕೊಂಡಿದ್ದಳು.

ಎಲೆ ಹಸಿರಾಗಿದ್ದೂ ಬಾಯಿಗಿಟ್ಟರೆ ಕಹಿ ಅಂದರೆ ತುದಿ ನೋಡಿ, ಸಣ್ಣ ಬಿಳಿ ಮೊಗ್ಗು ಕೂತಿರುತ್ತವೆ. ಹಗಲು ಉದ್ದವಾಗಿ ಸೆಕೆ ಏರುವಾಗ ಗಿಡ ಹೂವಿಗೆ ಹೋಗುತ್ತದೆ. ಮೊಗ್ಗು ಕಂಡ ದಿನವೇ ಅರ್ಧದವರೆಗೆ ಕತ್ತರಿಸಿದರೆ ಒಂದೆರಡು ಕೊಯ್ಲು ಮತ್ತೆ ಸಿಗಬಹುದು. ಕಹಿ ಸೊಪ್ಪನ್ನು ಎಸೆಯಬೇಡಿ, ಹೆಸರುಬೇಳೆ ಜೊತೆ ಪಲ್ಯ ಮಾಡಿದರೆ ಗೊತ್ತೇ ಆಗುವುದಿಲ್ಲ.

ಹೇನು ಬಿದ್ದರೆ ಟಬ್ಬಿಗೆ ಅಂಚಿನವರೆಗೆ ನೀರು ತುಂಬಿ, ಸೊಪ್ಪನ್ನು ಒಂದು ಜಾಳಿಗೆಯಿಂದ ಕೆಲ ತಾಸು ಮುಳುಗಿಸಿಡಿ. ತೇಲಿದ್ದನ್ನು ಚೆಲ್ಲಿ. ಔಷಧ ಹೊಡೆಯಬೇಡಿ, ಹೊಡೆದದ್ದೆಲ್ಲ ಅದೇ ನೀರಲ್ಲಿ ಉಳಿಯುತ್ತದೆ. ಹಸಿರು ಹುಳ ಇದ್ದರೆ ಕೈಯಿಂದ ಆರಿಸಿ.

ಟಬ್ಬಿನಲ್ಲಿ ಹುಳ ಕುಣಿಯುತ್ತಿದ್ದರೆ ಅದು ಗಿಡದ ರೋಗವಲ್ಲ, ನಿಮ್ಮ ಮನೆಯ ರೋಗ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಒಂದು ವಾರದಿಂದ ಹತ್ತು ದಿನ ತೆಗೆದುಕೊಳ್ಳುತ್ತದೆ. ಎರಡು ಮೂರು ದಿನಕ್ಕೊಮ್ಮೆ ನೀರು ಪೂರ್ತಿ ಬದಲಿಸಿ, ಟಬ್ಬಿನ ಒಳಗೋಡೆ ಉಜ್ಜಿ. ಬದಲಿಸಲು ಆಗದವರು ಸಣ್ಣ ಖಡಿ ತುಂಬಿ, ನೀರಿನ ಮಟ್ಟ ಖಡಿಗಿಂತ ಒಂದು ಬೆರಳು ಕೆಳಗೆ ಇಡಿ. ನೀರಿನ ಮೈ ಕಾಣದಿದ್ದರೆ ಸೊಳ್ಳೆಗೆ ಮೊಟ್ಟೆ ಇಡಲು ಜಾಗ ಸಿಗುವುದಿಲ್ಲ.

ಗಿಡ ಸತ್ತರೆ ಇನ್ನೊಂದು ನೆಡಬಹುದು. ಇದೊಂದರಲ್ಲಿ ಮಾತ್ರ ಅಜಾಗರೂಕತೆ ಬೇಡ. ಹಳ್ಳ, ಕಾಲುವೆ, ಕೆರೆಯಂಚಿನಿಂದ ಇಂಥ ಸೊಪ್ಪನ್ನಾಗಲಿ, ಟಬ್ಬಿಗೆ ನೀರನ್ನಾಗಲಿ ತರಬೇಡಿ. ಕುರಿ ದನ ಮೇಯುವ ಕಡೆಯ ನೀರಿನಲ್ಲಿ ಯಕೃತ್ತಿನ ಹುಳದ ಮರಿಗಳು ಇರಬಹುದು. ಬಸವನಹುಳುವಿನಿಂದ ಹೊರಬಿದ್ದು ನೀರೊಳಗಿನ ಎಲೆಗೆ ಅಂಟಿಕೊಳ್ಳುತ್ತವೆ. ಸುಮ್ನೆ ತೊಳೆದರೆ ಹೋಗುವುದಿಲ್ಲ, ಕುದಿಸಿದರೆ ಸಾಯುತ್ತವೆ. ಮನೆಯಲ್ಲಿ ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಇದ್ದರೆ ಡಾಕ್ಟರನ್ನು ಕೇಳಿ ಕೊಡಿ, ಈ ಸೊಪ್ಪಿನಲ್ಲಿ ಕೆ ವಿಟಮಿನ್ ಜಾಸ್ತಿ.

ಇಷ್ಟೆಲ್ಲ ಆದ ಮೇಲೆ ಈಗ ನಾನು ಬೇಸಿಗೆಯಲ್ಲಿ ಕೊಯ್ಲಿನ ಆಸೆ ಬಿಟ್ಟಿದ್ದೇನೆ. ಅಕ್ಟೋಬರಿನಿಂದ ಫೆಬ್ರವರಿವರೆಗೆ ಟಬ್ ತುಂಬ ಬೆಳೆಯುತ್ತೇನೆ. ಮಾರ್ಚ್ ಬಂದೊಡನೆ ಒಳ್ಳೆಯ ಐದು ಕಡ್ಡಿ ಆರಿಸಿ ಮಣ್ಣಿನ ಪಾತ್ರೆಗೆ ಹಾಕಿ, ಅಡುಗೆಮನೆಯ ಉತ್ತರದ ಕಿಟಕಿಯಲ್ಲಿ ಇಡುತ್ತೇನೆ. ತಿನ್ನಲಿಕ್ಕಲ್ಲ, ಬರೀ ಬದುಕಿಸಿಕೊಳ್ಳಲಿಕ್ಕೆ. ಈ ಸಲ ಐದರಲ್ಲಿ ಎರಡು ಸತ್ತವು. ಉಳಿದ ಮೂರರಲ್ಲಿ ಒಂದನ್ನು ಬಾಗಲಕೋಟೆಗೆ ಕಳಿಸಬೇಕು, ವೈನಿ ಎರಡು ಸಲ ಕೇಳಿದ್ದಾರೆ.